ಅಸಹಾಯಕತೆಗೆ ಹೊಗಳಿಕೆಯ ಮುಸುಕು ಬೇಡ

ಮಾನ್ಯ ಸಂಪಾದಕರೇ,

2006ರ ಜುಲೈ 11ರ ರೈಲು ಸ್ಫೋಟಗಳ ಮರುದಿನವೇ ಜನ ಲೋಕಲ್ ಹತ್ತಿದ್ದನ್ನು ಮುಂಬಯಿಯ ‘ಸ್ಪಿರಿಟ್’ ಎಂದು ಇಂದಿಗೂ ಕೊಂಡಾಡುತ್ತೇವೆ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನುಷ್ಯನಿಗೆ ಬೇರೆ ದಾರಿಯೇ ಇರಲಿಲ್ಲವೆಂಬುದನ್ನು ಆ ಹೊಗಳಿಕೆ ಮರೆಮಾಚುತ್ತದೆ. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ 20ಕ್ಕೂ ಹೆಚ್ಚು ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಹತ್ತಲೇಬೇಕಾದವರು ಮರುದಿನವೂ ಹತ್ತಿದರು.

ಹತಾಶೆ ಯಾವಾಗಲೂ ಅಳುಮುಖದಲ್ಲಿ ಬರುವುದಿಲ್ಲ. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿಯ ಬಟ್ಟೆ ಗಿರಣಿ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಬೀದಿಗಿಳಿದು, ಇತ್ಯರ್ಥವಿಲ್ಲದೆ ಅದು ಕರಗಿದ ಬಳಿಕ, ಸಂಘಟನೆಯ ಮೇಲಿನ ನಂಬಿಕೆಯೇ ಕುಸಿಯಿತು. 2022ರ ಮಾರ್ಚಿನಲ್ಲಿ ಮುಂಬಯಿ ಮಹಾನಗರಪಾಲಿಕೆಯ ಅವಧಿ ಮುಗಿದು, ಚುನಾಯಿತ ಸದಸ್ಯರಿಲ್ಲದೆ ವರ್ಷಗಳು ಉರುಳಿದಾಗ ನಾವು ತಾಳಿದ ಮೌನವೂ ಕೇಳಿ ಪ್ರಯೋಜನವಿಲ್ಲವೆಂಬ ಭಾವನೆಯಿಂದಲೇ ಹುಟ್ಟಿದ್ದೆಂದು ನಾನು ತಿಳಿಯುತ್ತೇನೆ.

ಮುಂಬಯಿಯ ನಮ್ಮ ಕನ್ನಡ ವೇದಿಕೆಗಳ ಮಾತು ನನ್ನನ್ನು ಇನ್ನೂ ಹೆಚ್ಚು ನೋಯಿಸುತ್ತದೆ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಅಕ್ಷರ ಕಲಿಸಿದ ರಾತ್ರಿಶಾಲೆಗಳನ್ನು ನೆನೆದು ನಿಟ್ಟುಸಿರಿಡುವ ಭಾಷಣಕ್ಕೆ ಚಪ್ಪಾಳೆ ಸಿಗುತ್ತದೆ. ಉಳಿದಿರುವ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕರೆತರುವ ಮಾತು ಮಾತ್ರ ಅಪರೂಪ. ದುಃಖಿಸಿದ್ದನ್ನೇ ಕೆಲಸವೆಂದು ನಂಬಿಸುವ ಈ ವಿಷಾದ ಬಹಳ ಅಪಾಯಕಾರಿ.

ಒಂಟಿಯಾಗಿ ನರಳುವವರಿಗಾಗಿ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಇದ್ದು, ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಸಂಘಗಳು ತಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಮತ್ತು ಹೋಟೆಲ್ ಕಾರ್ಮಿಕರ ವಸತಿಗಳಲ್ಲಿ ಈ ಸಂಖ್ಯೆಯನ್ನು ಹಾಕಿಸಲಿ. ತಮ್ಮ ಪತ್ರಿಕೆಯೂ ಅದನ್ನು ಪ್ರತಿದಿನ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಡೊಂಬಿವಲಿ