ಕಿಲ್ಟ್‌ಗೆ ಪ್ಯಾಂಟಿನ ಸೊಂಟದಳತೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಸ್ಕಾಟ್ಲೆಂಡಿನಲ್ಲಿ ಓದುವ, ಅಲ್ಲೇ ನೆಲೆಸಿದ ಮಕ್ಕಳ ಪದವಿ ಪ್ರದಾನಕ್ಕೋ ಮದುವೆಗೋ ಮನೆಮಂದಿಗೂ ಕಿಲ್ಟ್ ಹೊಲಿಸುವುದುಂಟು. ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ನಡುವಿಗೆ ಸುತ್ತಿ ಬಕಲ್ ಹಾಕಿಕೊಳ್ಳುವ, ಮುಂದೆ ಚಪ್ಪಟೆ, ಹಿಂದೆ ನಿರಿಗೆಯಿರುವ, ಮೊಣಕಾಲವರೆಗಿನ ಉಡುಪು. ಮಗ ಗ್ಲಾಸ್ಗೋದಲ್ಲಿ, ಅಪ್ಪ ದಾವಣಗೆರೆಯಲ್ಲಿ. ಅಳತೆ ಮೊಬೈಲಿನಲ್ಲಿ ಹೋಗುತ್ತದೆ: ‘ಸೊಂಟ 36, ಎತ್ತರ 5 ಅಡಿ 8 ಇಂಚು.’ ಈ ಎರಡು ಅಂಕಿಗಳನ್ನು ನಂಬಿ ಕತ್ತರಿ ಹಾಕಿದರೆ ಒಳ್ಳೆಯ ಉಣ್ಣೆ ಬಟ್ಟೆ ಹಾಳಾಗುತ್ತದೆ. ಊರಿನ ಯಾವ ದರ್ಜಿಯಾದರೂ ಹತ್ತು ನಿಮಿಷದಲ್ಲಿ ಸರಿಯಾದ ಅಳತೆ ತೆಗೆಯಬಲ್ಲ. ಎಲ್ಲಿಂದ ಎಲ್ಲಿಗೆ ಅಂತ ಅವನಿಗೆ ಹೇಳುವವರು ಬೇಕು, ಅಷ್ಟೇ. ಅದಕ್ಕಾಗಿ ಈ ಪತ್ರ.

ಮೊದಲ ತೊಡಕು ನಮ್ಮ ಮಾತಿನಲ್ಲೇ ಇದೆ. ‘ಸೊಂಟ’ ಅಂದರೆ ಒಬ್ಬರಿಗೆ ಹೊಕ್ಕುಳ ಮಟ್ಟದ ನಡು, ಇನ್ನೊಬ್ಬರಿಗೆ ಬೆಲ್ಟ್ ಕಟ್ಟುವ ಜಾಗ, ಮತ್ತೊಬ್ಬರಿಗೆ ದರ್ಜಿಗಳು ‘ಸೀಟು’ ಅನ್ನುವ ಹಿಂಭಾಗದ ಸುತ್ತಳತೆ. ಕಿಲ್ಟ್‌ಗೆ ನಡು ಬೇರೆ, ಸೀಟು ಬೇರೆ, ಎರಡೂ ಬೇಕು. ಬೆಲ್ಟಿನ ಜಾಗದ ಅಳತೆ ಮಾತ್ರ ಬೇಡವೇ ಬೇಡ. ಕಿಲ್ಟ್ ನಿಲ್ಲುವುದು ಹೊಕ್ಕುಳ ಮಟ್ಟದಲ್ಲಿ, ಜೀನ್ಸ್ ನಿಲ್ಲುವ ಜಾಗಕ್ಕಿಂತ ಎರಡರಿಂದ ನಾಲ್ಕು ಇಂಚು ಮೇಲೆ. ಅದೂ ಅಲ್ಲದೆ 34 ಎಂದು ಚೀಟಿ ಅಂಟಿಸಿದ ಜೀನ್ಸನ್ನು ಟೇಪು ಹಿಡಿದು ಅಳೆದರೆ 36 ಬರುವುದೂ ಉಂಟು. ಹಾಗಾಗಿ ಚೀಟಿ ನೋಡಿ ಬರೆಯುವ ಅಂಕಿ ಎರಡು ಸಲ ತಪ್ಪು.

ಅಳತೆಗೆ ನಿಲ್ಲುವವರು ಪ್ಯಾಂಟು, ಬೆಲ್ಟು ಎರಡನ್ನೂ ತೆಗೆದು ತೆಳು ಚಡ್ಡಿ, ತೆಳು ಅಂಗಿಯಲ್ಲಿ ಬರಿಗಾಲಲ್ಲಿ ನಿಲ್ಲಬೇಕು. ಪಾದಗಳು ಜೋಡಿಯಾಗಿರಲಿ, ದೃಷ್ಟಿ ಎದುರಿಗಿರಲಿ. ತನ್ನ ಅಳತೆಯನ್ನು ತಾನೇ ತೆಗೆಯಬಾರದು: ಟೇಪು ನೋಡಲು ತಲೆ ಬಗ್ಗಿಸಿದರೆ ಬೆನ್ನು ಬಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಉದ್ದ ಒಂದಿಂಚಾದರೂ ಏರುಪೇರಾಗುತ್ತದೆ. ಮೊದಲು ಒಂದು ಪೈಜಾಮದ ಲಾಡಿಯನ್ನು ಹೊಕ್ಕುಳ ಮಟ್ಟದಲ್ಲಿ ಸುತ್ತಲೂ ನೆಲಕ್ಕೆ ಸಮವಾಗಿ ಕಟ್ಟಿ. ಹಿಂದೆ ಮೇಲೇರಿ ಮುಂದೆ ಜಾರಿರುತ್ತದೆ, ಪಕ್ಕದಿಂದ ನೋಡಿ ಸರಿಪಡಿಸಿ. ಮುಂದಿನ ಅಳತೆಗಳೆಲ್ಲ ಈ ಲಾಡಿಯಿಂದಲೇ ಶುರು. ಕೊನೆಯ ಅಳತೆ ಆಗುವವರೆಗೆ ಅದನ್ನು ಬಿಚ್ಚಬೇಡಿ.

ನಡು: ಲಾಡಿಯ ಮೇಲೆಯೇ ಟೇಪು ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಸ್ಥಿತಿಯಲ್ಲಿ ಟೇಪು ಮೈಗೆ ಹತ್ತಿಕೊಂಡಿರಬೇಕು. ಪ್ಯಾಂಟಿಗೆ ಮಾಡುವ ಹಾಗೆ ಎರಡು ಬೆರಳು ತೂರಿಸಿ ಸಡಿಲ ಬಿಡಬೇಡಿ. 8 ಗಜದ ದಪ್ಪ ಉಣ್ಣೆ ಕಿಲ್ಟ್ ಸುಮಾರು ಎರಡು ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ನಡುವಿನ ಬಿಗಿಯೇ ಹೊರಬೇಕು. ಮೇಲೆ ಕಟ್ಟುವ ಅಗಲ ಬೆಲ್ಟು ಬರಿ ಅಲಂಕಾರ. ಸಡಿಲ ಅಳತೆ ಕೊಟ್ಟರೆ ಕಿಲ್ಟ್‌ಗೇ ಹೊಲಿದಿರುವ ಪಟ್ಟಿಯ ಬಕಲನ್ನು ಕೊನೆಯ ತೂತಿಗೆ ಎಳೆಯಬೇಕಾಗುತ್ತದೆ. ಆಗ ಮುಂದಿನ ಚಪ್ಪಟೆ ಪದರ ಪಕ್ಕಕ್ಕೆ ಸರಿದು, ಹೊಟ್ಟೆಯ ನಡುಮಧ್ಯಕ್ಕೆ ಬರಬೇಕಾದ ಟಾರ್ಟನ್ (ಬಣ್ಣದ ಗೆರೆಗಳು ಅಡ್ಡ-ಉದ್ದ ಹಾಯುವ ಕಿಲ್ಟ್ ಬಟ್ಟೆ) ಚೌಕುಳಿ ಒಂದು ಕಡೆಗೆ ವಾಲುತ್ತದೆ.

ಸೀಟು: ಹಿಂಭಾಗದ ಅತಿ ಉಬ್ಬಿದ ಜಾಗದಲ್ಲಿ, ನೆಲಕ್ಕೆ ಸಮವಾಗಿ. ಇಲ್ಲಿ ಬಿಗಿಯಬಾರದು, ಟೇಪು ತಾಗಿದರೆ ಸಾಕು. ಲಾಡಿಯಿಂದ ಈ ಜಾಗದವರೆಗಿನ ಉದ್ದವನ್ನೂ ಬರೆದುಕೊಳ್ಳಿ. ನಿರಿಗೆಗಳನ್ನು ಹೊಲಿದು ಕೂರಿಸುವುದು ಅಲ್ಲಿಯವರೆಗೆ, ಅದರ ಕೆಳಗೆ ನಿರಿಗೆ ಬಿಚ್ಚಿ ಆಡುತ್ತದೆ.

ಸೀಟಿನ ಅಳತೆಯನ್ನು ಯಾಕೆ ಇಷ್ಟು ಒತ್ತಿ ಹೇಳಬೇಕು? ಒಂದು ಲೆಕ್ಕ ನೋಡಿ. ನಡು 34, ಸೀಟು 40 ಇಂಚು ಅಂದುಕೊಳ್ಳಿ. ಸುಮಾರು ಅರ್ಧ ಸುತ್ತು ಮುಂದಿನ ಪದರಕ್ಕೆ, ಉಳಿದರ್ಧ ಹಿಂದಿನ ನಿರಿಗೆಗೆ. 25 ನಿರಿಗೆ ಇದ್ದರೆ ಸೀಟಿನ ಬಳಿ ಒಂದೊಂದರ ಹೊರಮೈ 20 ಮಿಲಿಮೀಟರ್, ನಡುವಿನ ಬಳಿ 17. ಆ 3 ಮಿಲಿಮೀಟರ್ ಇಳಿಜಾರನ್ನು ಕೈಹೊಲಿಗೆಯಲ್ಲಿ, ಟಾರ್ಟನ್ನಿನ ಗೆರೆಗೆ ಗೆರೆ ಕೂಡಿಸುತ್ತ ತರುತ್ತಾರೆ. ನಿಜವಾದ ಸೀಟು 42 ಆಗಿದ್ದರೆ ಪ್ರತಿ ನಿರಿಗೆಗೆ ಒಂದೇ ಮಿಲಿಮೀಟರ್ ಕಡಿಮೆ ಬಿದ್ದಿರುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸವೇ ತೊಟ್ಟಾಗ ನಿರಿಗೆಗಳು ಹೊಲಿಗೆಯ ತುದಿಯಲ್ಲಿ ಬಾಯಿ ಬಿಡುವಂತೆ ಮಾಡುತ್ತದೆ. ಬಕಲ್ ಸರಿಸಿ ನಡುವನ್ನು ಒಂದೆರಡು ಇಂಚು ಹೊಂದಿಸಬಹುದು. ಸೀಟು ಹಿಡಿಯಿತೆಂದರೆ ನಿರಿಗೆಯನ್ನೆಲ್ಲ ಬಿಚ್ಚಬೇಕು. ಸಾಂಪ್ರದಾಯಿಕ ಹೊಲಿಗೆಯಲ್ಲಿ ಮೇಲ್ಭಾಗದ ಒಳಮಡಿಕೆಯ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆದಿರುವುದರಿಂದ ಬಿಚ್ಚಿದರೂ ಹಿಗ್ಗಿಸಲು ಹೆಚ್ಚು ಜಾಗ ಇರುವುದಿಲ್ಲ.

ಉದ್ದದ ವಿಷಯ ಇನ್ನೂ ಕಟ್ಟುನಿಟ್ಟು. ಸೀರೆಯ ಅಂಚನ್ನು ಯಾರೂ ಮಡಿಸಿ ಹೊಲಿಯುವುದಿಲ್ಲವಲ್ಲ, ಕಿಲ್ಟ್‌ನ ಕೆಳತುದಿಯೂ ಹಾಗೇ: ಮಗ್ಗದಲ್ಲಿ ನೇಯ್ದು ಬಂದ ಅಂಚೇ ಅದರ ಕೊನೆ. ಒಳಗೆ ಮಡಿಚಿಟ್ಟ ಬಟ್ಟೆ ಇರುವುದಿಲ್ಲ, ಬಿಚ್ಚಿ ಇಳಿಸಲು ಬರುವುದಿಲ್ಲ. ಕತ್ತರಿ ಬೀಳುವುದು ಮೇಲ್ತುದಿಗೆ. ಗಿಡ್ಡವಾದ ಕಿಲ್ಟ್ ಗಿಡ್ಡವೇ. ಉದ್ದವಾದದ್ದು ಮೊಣಕಾಲು ಮುಚ್ಚಿ ಲಂಗದ ಹಾಗೆ ಜೋತಾಡುತ್ತದೆ.

ಆದ್ದರಿಂದ ಉದ್ದವನ್ನು ಎರಡು ರೀತಿಯಲ್ಲಿ ಅಳೆಯಿರಿ. ಒಂದು, ನಿಂತಾಗ ಲಾಡಿಯಿಂದ ಮೊಣಕಾಲ ಚಿಪ್ಪಿನ ಮಧ್ಯಕ್ಕೆ. ಎರಡು, ಚಾಪೆ, ದಿಂಬು ಏನೂ ಇಲ್ಲದ ಗಟ್ಟಿ ನೆಲದ ಮೇಲೆ ಮಂಡಿಯೂರಿ ಬೆನ್ನು, ತೊಡೆ ಎರಡೂ ನೇರವಾಗಿ ನಿಂತು, ಲಾಡಿಯಿಂದ ನೆಲಕ್ಕೆ. ಹೀಗೆ ಮಂಡಿಯೂರಿದಾಗ ಕಿಲ್ಟ್‌ನ ಅಂಚು ನೆಲದಿಂದ ಸುಮಾರು ಒಂದಿಂಚು ಮೇಲಿರಬೇಕು ಎಂಬುದು ಹಳೆಯ ರೂಢಿ. ಎರಡೂ ಅಳತೆ ಒಂದಕ್ಕೊಂದು ತಾಳೆಯಾಗದೆ ಎರಡು ಮೂರು ಇಂಚು ದೂರ ಹೋದರೆ ಲಾಡಿ ಜಾರಿದೆ ಎಂದೇ ಅರ್ಥ, ಮತ್ತೆ ಅಳೆಯಿರಿ. ಲಾಡಿಯಿಂದ ಮೇಲಕ್ಕೆ ಕಿಲ್ಟ್ ಇನ್ನೂ ಎರಡಿಂಚಿನಷ್ಟು ಏರುತ್ತದೆ. ಆ ಎರಡಿಂಚನ್ನು ನೀವು ಸೇರಿಸಬೇಡಿ, ಹೊಲಿಯುವವರೇ ಸೇರಿಸುತ್ತಾರೆ. ಇಬ್ಬರೂ ಸೇರಿಸಿದರೆ ಕಿಲ್ಟ್ ಹಾಳು. ‘ಹೊಕ್ಕುಳಿನಿಂದ ಚಿಪ್ಪಿನ ಮಧ್ಯಕ್ಕೆ’ ಎಂದು ಪದಗಳಲ್ಲೇ ಬರೆದು ಕಳುಹಿಸಿ. ದೇಹದ ಎತ್ತರದಿಂದ ಉದ್ದವನ್ನು ಊಹಿಸುವುದು ಬೇಡ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ.

ಹೊಟ್ಟೆ ಬಂದವರ ಅಳತೆಗೆ ಇನ್ನಷ್ಟು ತಾಳ್ಮೆ ಬೇಕು. ಅವರು ಪಂಚೆಯನ್ನೂ ಪ್ಯಾಂಟನ್ನೂ ಹೊಟ್ಟೆಯ ಕೆಳಗೆ ಕಟ್ಟಿ ರೂಢಿಯಾದವರು, ಹೊಕ್ಕುಳ ಮಟ್ಟದ ಅಂಕಿ ನೋಡಿ ‘ಇಷ್ಟಿಲ್ಲ’ ಅನ್ನುತ್ತಾರೆ. ಆ ಅಂಕಿಯನ್ನೇ ಬರೆಯಿರಿ. ಹೊಟ್ಟೆ ಸೀಟಿಗಿಂತ ಮುಂದೆ ಬಂದಿದ್ದರೆ ಒಂದು ಗಟ್ಟಿ ರಟ್ಟನ್ನು ಹೊಟ್ಟೆಯ ತುದಿಯಿಂದ ನೇರ ಕೆಳಗೆ ಇಳಿಬಿಟ್ಟು, ರಟ್ಟನ್ನೂ ಸೇರಿಸಿ ಸೀಟಿನ ಸುತ್ತಳತೆ ತೆಗೆಯಿರಿ, ಯಾಕೆಂದರೆ ಮುಂದಿನ ಪದರ ಹೊಟ್ಟೆಯಿಂದ ಇಳಿದು ನಿಲ್ಲುತ್ತದೆ, ತೊಡೆಗೆ ಅಂಟುವುದಿಲ್ಲ. ಉದ್ದವನ್ನು ಮುಂದೆ, ಹಿಂದೆ, ಎರಡೂ ಪಕ್ಕ ಹೀಗೆ ನಾಲ್ಕು ಕಡೆ ಬೇರೆ ಬೇರೆ ಕೊಡಿ. ಜೊತೆಗೆ ಪಕ್ಕದಿಂದ ತೆಗೆದ ಒಂದು ಫೋಟೊ ಇದ್ದರೆ ಹೊಲಿಯುವವರಿಗೆ ಹತ್ತು ಅಂಕಿಗಳಿಗಿಂತ ಹೆಚ್ಚು ತಿಳಿಯುತ್ತದೆ.

ಕೋಟಿನ ಬಗ್ಗೆ: ಕಿಲ್ಟ್ ಮೇಲೆ ಸೂಟಿನ ಕೋಟು ಹೊಂದುವುದಿಲ್ಲ, ಅದರ ಉದ್ದ ನಿರಿಗೆಯನ್ನೂ ಸ್ಪಾರನ್ ಎಂಬ ಮುಂದಿನ ಚೀಲವನ್ನೂ ಮುಚ್ಚುತ್ತದೆ. ಹಗಲಿಗೆ ಆರ್ಗೈಲ್, ಸಂಜೆಗೆ ಪ್ರಿನ್ಸ್ ಚಾರ್ಲಿ, ಎರಡೂ ಗಿಡ್ಡ ಕೋಟುಗಳೇ. ಎದೆಯ ಸುತ್ತಳತೆ, ಭುಜದ ಅಗಲ, ತೋಳಿನ ಉದ್ದ ನಿಮ್ಮ ದರ್ಜಿಗೆ ಗೊತ್ತಿರುವಂಥವೇ. ಅವನು ಸಾಮಾನ್ಯವಾಗಿ ಬಿಡುವುದು ಒಂದನ್ನು: ಕತ್ತಿನ ಹಿಂದಿನ ಮೂಳೆಯಿಂದ ಲಾಡಿಯವರೆಗಿನ ಉದ್ದ. ಅದಿಲ್ಲದಿದ್ದರೆ ವೇಸ್ಟ್‌ಕೋಟಿಗೂ ಕಿಲ್ಟ್‌ಗೂ ನಡುವೆ ಬಿಳಿ ಅಂಗಿ ಇಣುಕುತ್ತದೆ, ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ಉದ್ದ ಕಾಲುಚೀಲಕ್ಕೆ ಮೀನಖಂಡದ ದಪ್ಪ ಜಾಗದ ಸುತ್ತಳತೆ ಸಾಕು. ಅದರ ಮಡಿಕೆ ಮೊಣಕಾಲ ಚಿಪ್ಪಿನಿಂದ ಮೂರು ಬೆರಳು ಕೆಳಗೆ ನಿಲ್ಲಬೇಕು.

ಎಲ್ಲ ಅಳತೆಗಳನ್ನೂ ಇಂಚಿನಲ್ಲೋ ಸೆಂಟಿಮೀಟರಿನಲ್ಲೋ ಒಂದರಲ್ಲೇ ಬರೆಯಿರಿ. ನಡು 34 ಇಂಚು, ಉದ್ದ 56 ಸೆಂಟಿಮೀಟರ್ ಎಂದು ಬೆರೆಸಿ ಬರೆಯುವವರಿದ್ದಾರೆ. ಎರಡು ಸಲ ಅಳೆದು ಎರಡನ್ನೂ ಬರೆಯಿರಿ, ಕೆಳಗೆ ದಿನಾಂಕ ಹಾಕಿ. ಕೈಹೊಲಿಗೆಯ ಕಿಲ್ಟ್ ಸಿದ್ಧವಾಗಲು ವಾರಗಟ್ಟಲೆ ಬೇಕು. ಅಳತೆ ಕೊಟ್ಟು ಎರಡು ಮೂರು ತಿಂಗಳಾದರೂ ಹೊಲಿಗೆ ಶುರುವಾಗಿಲ್ಲವೆಂದರೆ ನಡು, ಸೀಟು ಎರಡನ್ನು ಮತ್ತೊಮ್ಮೆ ಅಳೆದು ಕಳುಹಿಸಿ. ಮೊಣಕಾಲಿನದು ಹಳೆಯದೇ ನಡೆಯುತ್ತದೆ.

ಇತಿ,
ಕಿಲ್ಟ್ ದರ್ಜಿ, ಎಡಿನ್‌ಬರ್ಗ್