ಬೇರೆಯವರ ತಲೆಗೆ ಕಟ್ಟುವ ಮುಂಚೆ

ಶಿವಮೊಗ್ಗ
ಭಾನುವಾರ

ಚಿರಂಜೀವಿ ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿಯ ಸಮಾಚಾರವನ್ನೆಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದ ಪೂರ್ತಿ ಓದಿದೆ, ನಾಣ್ಯಗಳ ವರ್ಣನೆ ಚೆನ್ನಾಗಿತ್ತು. ಕೊನೆಯ ಎರಡು ಸಾಲು ಮಾತ್ರ ನಿದ್ದೆ ಕೆಡಿಸಿತು. "ತೊಂಬತ್ತು ಪೌಂಡ್ ಹೋಯ್ತಲ್ಲ ಅನ್ನೋದು ಆಮೇಲಿನ ಮಾತು ಅತ್ತೆ. ಇದನ್ನ ಸುಮ್ನೆ ಬೇರೆ ಯಾರಿಗಾದ್ರೂ ಮಾರಿಬಿಡೋಣ ಅಂತ ಅನ್ನಿಸಿತಲ್ಲ, ಅದಕ್ಕೆ ಹೆದರಿಕೆ ಆಗ್ತಿದೆ" ಅಂತ ಬರೆದಿದ್ದೀಯ. ಪಕ್ಕದಲ್ಲಿ ಒಂದು ನಗುಮುಖ ಬೇರೆ ಬಿಡಿಸಿದ್ದೀಯ. ಆ ನಗು ನನಗೇನೂ ಸರಿಯಾಗಿ ಕಾಣಲಿಲ್ಲ.

ನಾಣ್ಯದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅದು ಖೋಟಾ, ಅನುಮಾನ ಬೇಡ. ಕ್ರೌನ್ ಅಂದರೆ ಐದು ಶಿಲ್ಲಿಂಗಿನ ದೊಡ್ಡ ಬೆಳ್ಳಿ ನಾಣ್ಯ. ನಿನ್ನದು ಅಂತ ಹೇಳಿದ ವಿಕ್ಟೋರಿಯಾ ರಾಣಿಯ 1847ರ ಗಾಥಿಕ್ ಕ್ರೌನ್ ಟಂಕಿಸಿದ್ದೇ ಎಂಟು ಸಾವಿರದಷ್ಟು. ಸಾವಿರಾರು ಪೌಂಡಿಗೆ ಹೋಗುವ ನಾಣ್ಯ ತೊಂಬತ್ತಕ್ಕೆ ಯಾಕೆ ಬಂತು ಅಂತ ಒಂದು ಕ್ಷಣ ಯೋಚನೆ ಮಾಡಬಾರದಿತ್ತಾ? ಇರಲಿ, ಬೈಯಲು ಬರೆಯುತ್ತಿಲ್ಲ. ನೀನೇ ಬರೆದಿರುವ ಹಾಗೆ ತೂಕ 22 ಗ್ರಾಂ. ಕ್ರೌನ್ ಅಂದರೆ 28.28 ಗ್ರಾಂ ಇರಬೇಕು. ಸವೆದರೆ ಸ್ವಲ್ಪ ಕಮ್ಮಿಯಾಗುತ್ತದೆ, ಆರು ಗ್ರಾಂ ಸವೆದರೆ ರಾಣಿಯ ಮುಖವೇ ಉಳಿಯುವುದಿಲ್ಲ. ಇನ್ನು ಅಂಚು. ಅದರ ಅಂಚಿನ ಮೇಲೆ ಲ್ಯಾಟಿನ್ ಅಕ್ಷರಗಳಿರಬೇಕು, 'ಡೆಕಸ್ ಎಟ್ ಟುಟಾಮೆನ್' ಅಂತ ಶುರುವಾಗುತ್ತದೆ. ಅಲಂಕಾರವೂ ಹೌದು, ರಕ್ಷಣೆಯೂ ಹೌದು ಅಂತ ಅರ್ಥ. ಹಿಂದೆ ಬೆಳ್ಳಿಯ ಅಂಚನ್ನು ಕತ್ತರಿಸಿ ಕದಿಯುತ್ತಿದ್ದರಲ್ಲ, ಅದಕ್ಕೆ ಹಾಕಿದ ಬೇಲಿ. ನಿನ್ನದರಲ್ಲಿ ಬರೀ ಗೆರೆಗಳಿವೆ ಅಂತ ನೀನೇ ಬರೆದಿದ್ದೀಯ.

ಸರಿ. ಆದರೆ ಮಾರಿಬಿಡೋಣ ಅನ್ನಿಸಿತು ಅಂದೆಯಲ್ಲ.

ಇಂಗ್ಲೆಂಡಿನ ಲೆಸ್ಟರಿನಲ್ಲಿ ನಾನು ಪೇಪರ್ ಅಂಗಡಿಯೊಂದರ ಗಲ್ಲಾದಲ್ಲಿ ಕೂರುತ್ತಿದ್ದದ್ದು ನಿನಗೆ ಗೊತ್ತು. ಇದು ಮಾತ್ರ ಗೊತ್ತಿಲ್ಲ. ನಿನ್ನ ಮಾವನಿಗೂ ನಾನು ಹೇಳಿರಲಿಲ್ಲ.

1971ರಲ್ಲಿ ಬ್ರಿಟಿಷರು ಪೌಂಡಿಗೆ ನೂರು ಪೆನ್ನಿ ಅಂತ ದುಡ್ಡಿನ ಲೆಕ್ಕ ಬದಲಾಯಿಸಿದರೂ ಹಳೇ ಶಿಲ್ಲಿಂಗ್ ಐದು ಪೆನ್ನಿಯಾಗಿ, ಎರಡು ಶಿಲ್ಲಿಂಗಿನ ಫ್ಲಾರಿನ್ ಹತ್ತು ಪೆನ್ನಿಯಾಗಿ ವರ್ಷಗಟ್ಟಲೆ ಓಡುತ್ತಿದ್ದವು. ಹಾಲಿನ ದುಡ್ಡಿನಲ್ಲಿ, ಸಿಗರೇಟಿನ ದುಡ್ಡಿನಲ್ಲಿ ಹಳೇ ರಾಜ ಆರನೇ ಜಾರ್ಜ್ ಬಂದು ಕೂರುತ್ತಿದ್ದ. ಮನೆಯಿಂದ ಅಷ್ಟು ದೂರ ಬಂದು ಮಾತಾಡಲು ಒಂದು ಜನ ಇಲ್ಲದ ಕಾಲ. ನಾನು ಆ ಮುಖಗಳನ್ನು ನೋಡುತ್ತಾ ಕೂರುತ್ತಿದ್ದೆ. 1920ಕ್ಕೆ ಮುಂಚಿನದಾದರೆ ನೂರಕ್ಕೆ 92.5 ಭಾಗ ಬೆಳ್ಳಿ, 1946ರ ತನಕ ಅರ್ಧ ಬೆಳ್ಳಿ, 1947ರಿಂದ ಬೆಳ್ಳಿಯೇ ಇಲ್ಲ, ತಾಮ್ರ ನಿಕಲ್ಲು. ಇದೆಲ್ಲ ಕಲಿತಿದ್ದು ಹಾಗೆ. ಪುಸ್ತಕ ಕೊಂಡಿದ್ದು ಆಮೇಲೆ.

1983ರಲ್ಲಿ ಒಂದು ಭಾನುವಾರದ ಸಂತೆಯಲ್ಲಿ 1905ರ ಹಾಫ್ ಕ್ರೌನ್ ಸಿಕ್ಕಿತು. ಏಳನೇ ಎಡ್ವರ್ಡನ ಹಾಫ್ ಕ್ರೌನುಗಳಲ್ಲಿ ಅದೇ ಎಲ್ಲಕ್ಕಿಂತ ಅಪರೂಪ. ಹದಿನೆಂಟು ಪೌಂಡ್ ಕೊಟ್ಟೆ. ಬಸ್ಸಿನಲ್ಲಿ ಎಷ್ಟು ಸಲ ಕೈಚೀಲ ಮುಟ್ಟಿ ನೋಡಿಕೊಂಡೆನೋ! ಮನೆಗೆ ಬಂದು ದೀಪದ ಕೆಳಗೆ ಭೂತಗನ್ನಡಿ ಹಿಡಿದರೆ ಅಕ್ಷರಗಳ ಮೂಲೆಯೆಲ್ಲ ಗುಂಡಗೆ, ಒದ್ದೆ ಸಾಬೂನಿನ ಮೇಲೆ ಒತ್ತಿದ ಹಾಗೆ. ರಾಜನ ಕೆನ್ನೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳು. ಟಂಕಿಸಿದ್ದಲ್ಲ, ಅಚ್ಚಿನಲ್ಲಿ ಹೊಯ್ದ ಖೋಟಾ ನಾಣ್ಯ. ಅಂಚಿನ ಸುತ್ತ ಉಗುರು ಎಳೆದರೆ ಒಂದು ಕಡೆ ಜೋಡಿಸಿದ ಗೆರೆ ತಟ್ಟುತ್ತಿತ್ತು. ತಕ್ಕಡಿಗೆ ಹಾಕಿದರೆ 14.14 ಇರಬೇಕಾದದ್ದು 13 ಚಿಲ್ಲರೆ.

ಅಂಗಡಿಗೆ ಪೇಪರ್ ಹಾಕಲು ಒಬ್ಬ ಹುಡುಗ ಬರುತ್ತಿದ್ದ. ಹದಿಮೂರು ವರ್ಷ ಇರಬೇಕು. ಅವನಿಗೂ ಇದೇ ಹುಚ್ಚು, ವಾರದ ಸಂಬಳದಲ್ಲಿ ಹಳೇ ಪೆನ್ನಿ ಕೊಂಡು ತಂದು ನನಗೆ ತೋರಿಸುತ್ತಿದ್ದ. ಅವನಿಗೆ ಮಾರಿದೆ. ಹದಿನೆಂಟಕ್ಕೇ ಕೊಟ್ಟೆ. ಲಾಭ ತೆಗೆದುಕೊಂಡಿಲ್ಲವಲ್ಲ ಅಂತ ಅವತ್ತು ನೆಮ್ಮದಿಯಾಗಿ ಊಟ ಮಾಡಿದೆ. ನಿನಗೆ ಹೆದರಿಕೆ ಆಯಿತು ಅಂತ ಬರೆದೆಯಲ್ಲ ಸುಹಾಸ, ನನಗೆ ಆಗಿರಲಿಲ್ಲ. ಅದಕ್ಕೇ ನಿನ್ನ ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಎರಡು ವಾರದ ಮೇಲೆ ಅವನು ನಾಣ್ಯ ತಂದು ಗಲ್ಲಾದ ಮೇಲೆ ಇಟ್ಟ. ಶಾಲೆಯ ಲ್ಯಾಬಿನಲ್ಲಿ ತೂಗಿದ್ದನಂತೆ. "ಮಿಸೆಸ್ ರಾವ್, ಇದು ಖೋಟಾ. ನಿಮಗೆ ಯಾರೋ ಮೋಸ ಮಾಡಿದ್ದಾರೆ, ಹುಷಾರಾಗಿರಿ" ಅಂದ. ನನ್ನ ಮೇಲೆ ಕನಿಕರ ಅವನಿಗೆ!

ನಾನು "ಹೌದಾ?" ಅಂದೆ.

ಅಷ್ಟೇ. ಕಣ್ಣರಳಿಸಿ, ಗೊತ್ತೇ ಇಲ್ಲದವಳ ಹಾಗೆ. ದುಡ್ಡು ವಾಪಸ್ ಕೊಟ್ಟೆ, ಅವನು ಥ್ಯಾಂಕ್ಸ್ ಹೇಳಿ ಹೋದ. ಆಮೇಲೂ ನಾಣ್ಯ ತಂದು ತೋರಿಸುತ್ತಿದ್ದ. ನೋಡಲು ನನಗೇ ಆಗುತ್ತಿರಲಿಲ್ಲ. ಆ ಊರು ಬಿಡುವ ತನಕ ಹೇಳಬಹುದಿತ್ತು. ಹೇಳಲಿಲ್ಲ.

ಏನೋ ಬರೆಯಲು ಹೋಗಿ ಎಲ್ಲೋ ಬಂದೆ. ನೀನು ಕೇಳಿದ್ದು ಖೋಟಾ ಗುರುತಿಸುವುದು ಹೇಗೆ ಅಂತ. ನಾನು ನಾಣ್ಯ ಕೈಬಿಟ್ಟು ವರ್ಷಗಳಾದವು, ಈಗಿನ ಖೋಟಾಗಳು ನನ್ನ ಕಾಲದವಕ್ಕಿಂತ ಜಾಣ ಇರುತ್ತವೆ. ಆದರೂ ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಒಂದು ಇರಲಿ. ಅಯಸ್ಕಾಂತ ಹಿಡಿದು ನೋಡು. ಅಂಟಿದರೆ ಬೆಳ್ಳಿಯಲ್ಲ. ಅಂಟಲಿಲ್ಲ ಅಂತ ಮಾತ್ರ ಕುಣಿಯಬೇಡ, ಹಿತ್ತಾಳೆಯೂ ಅಂಟುವುದಿಲ್ಲ. ಅಪರೂಪದ್ದರ ಆಸೆ ಸ್ವಲ್ಪ ದಿನ ಬಿಡು. ವಿಕ್ಟೋರಿಯಾಳ ಸವೆದ ಪೆನ್ನಿಗಳನ್ನು ಒಂದು ಹಿಡಿ ಕೊಂಡು ಕೈಯಲ್ಲಿ ಆಡಿಸು. ಕೂದಲು ಗಂಟು ಕಟ್ಟಿದ ಹುಡುಗಿ, ಮುಸುಕು ಹಾಕಿದ ಮುದುಕಿ, ಎರಡೂ ಅವಳೇ. ಅಸಲಿ ಹೇಗೆ ಸವೆಯುತ್ತದೆ ಅಂತ ಬೆರಳಿಗೆ ತಾನಾಗಿ ಗೊತ್ತಾಗುತ್ತದೆ. 1933ರ ಪೆನ್ನಿ ಅಂತ ಯಾರಾದರೂ ತೋರಿಸಿದರೆ ಕೈಮುಗಿದು ಬಾ, ಅದು ಇರುವುದೇ ಬೆರಳೆಣಿಕೆಯಷ್ಟು. 1935ರ ಐದನ್ನು ಕೆತ್ತಿ ಮೂರು ಮಾಡಿರುತ್ತಾರೆ. ಮತ್ತೆ, ಯಾವ ನಾಣ್ಯವನ್ನೂ ಹುಣಸೆಹಣ್ಣು ಹಾಕಿ ಉಜ್ಜಬೇಡ ಮಾರಾಯ. ದೇವರ ಪಾತ್ರೆಯಲ್ಲ ಅದು, ಉಜ್ಜಿದರೆ ಬೆಲೆ ಹೋಗುತ್ತದೆ.

ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಮ್ಮಿನ 68ನೇ ಕೋಣೆ ನೋಡು. ಪೂರ್ತಿ ದುಡ್ಡಿನದೇ ಕೋಣೆ.

1887ರಲ್ಲಿ ಅವರ ಸರ್ಕಾರವೇ ಎಡವಿತ್ತು, ಗೊತ್ತಾ? ಹೊಸ ಆರು ಪೆನ್ಸಿನ ಬೆಳ್ಳಿ ನಾಣ್ಯ ನೋಡಲು ಹತ್ತು ಶಿಲ್ಲಿಂಗಿನ ಚಿನ್ನದ ನಾಣ್ಯ ಅರ್ಧ ಸವರನ್ ಹಾಗೇ ಇತ್ತು, ಅಳತೆಯೂ ಅಷ್ಟೇ. ಜನ ಅದಕ್ಕೆ ಚಿನ್ನದ ನೀರು ಕುಡಿಸಿ ಇಪ್ಪತ್ತು ಪಟ್ಟು ಬೆಲೆಗೆ ದಾಟಿಸಿದರು. ಕೊನೆಗೆ ಆ ಚಿತ್ರವನ್ನೇ ಬದಲಾಯಿಸಬೇಕಾಯಿತು. ಈ ಕಥೆ ಓದಿದಾಗೆಲ್ಲ ಅದನ್ನು ಕೈಗೆ ತೆಗೆದುಕೊಂಡ ಕೊನೆಯವನು ಯಾರಿದ್ದನೋ ಅನ್ನಿಸುತ್ತದೆ. ನೀನು ಮಾರಿದರೂ ಅಂಥ ಒಬ್ಬ ಇದ್ದೇ ಇರುತ್ತಾನೆ. ಅವನು ಕಾಗದ ಬರೆದು ಹೇಳುವವನಲ್ಲ, ಹುಡುಗನ ಹಾಗೆ ವಾಪಸ್ ಬರುವವನೂ ಅಲ್ಲ.

ಕೊಟ್ಟವನ ಹತ್ತಿರ ದುಡ್ಡು ವಾಪಸ್ ಕೇಳು. ಮುಜುಗರ ಬೇಡ, ಕೇಳು. ಕೊಡದಿದ್ದರೆ ಒಂದು ಕಾಗದದ ಲಕೋಟೆಯಲ್ಲಿ ಹಾಕಿ ಮೇಲೆ 'ಖೋಟಾ' ಅಂತ ದೊಡ್ಡದಾಗಿ ಬರೆದಿಡು. ನನ್ನ ಹಾಫ್ ಕ್ರೌನ್ ಹಾಗೇ ಇದೆ, ಬೀರುವಿನಲ್ಲಿ ಕುಂಕುಮದ ಹಳೇ ಭರಣಿಯೊಳಗೆ. ಚೀಟಿಯ ಮೇಲೆ ನನ್ನದೇ ಅಕ್ಷರ. ಮುಂದಿನ ಸಲ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ನಿಮ್ಮಪ್ಪನಿಗೆ ತೊಂಬತ್ತು ಪೌಂಡಿನ ವಿಷಯ ನಾನು ಹೇಳುವುದಿಲ್ಲ. ನೀನೂ ಹಾಫ್ ಕ್ರೌನ್ ವಿಷಯ ಹೇಳಬೇಡ. ತಕ್ಕಡಿ ತಂದ ಮೇಲೆ ಉಳಿದ ನಾಣ್ಯಗಳ ತೂಕ ಬರೆದು ಕಳಿಸು, ನನ್ನ ಹಳೇ ಪುಸ್ತಕ ತೆಗೆದು ನೋಡುತ್ತೇನೆ.

ಇತಿ,
ನಿನ್ನ ಅತ್ತೆ