ದಾನಪತ್ರಕ್ಕೆ ಒಂದು ಸಾಲು ಸೇರಿಸು, ಮಂಜ

ಮಂಜ,

ಅಮ್ಮ ಊರಿನ ಮನೆಯನ್ನ ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಡ್ತಾರೆ, ನೋಡಿಕೊಳ್ಳೋನು ಅವನೇ ತಾನೆ, ಅದಕ್ಕೆ ಷರತ್ತು ಗಿರತ್ತು ಯಾಕೆ ಅಂದೆಯಲ್ಲ, ಅದು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ನಿನ್ನ ತಮ್ಮ ಒಳ್ಳೆಯವನೇ. ನಮ್ಮ ದೊಡ್ಡಮ್ಮನ ಮಗನೂ ಒಳ್ಳೆಯವನೇ ಆಗಿದ್ದ.

ದೊಡ್ಡಮ್ಮನ ಕಥೆ ನಿನಗೆ ಅರ್ಧ ಗೊತ್ತು. ಮನೆ ಬರೆದುಕೊಟ್ಟ ಮೇಲೆ ಮೊದಲು ಅವರ ಮಂಚ ನಡುಮನೆಯಿಂದ ಹಿಂದಿನ ಕೋಣೆಗೆ ಹೋಯಿತು. ಆಮೇಲೆ ಪಿಂಚಣಿಯ ಎಟಿಎಂ ಕಾರ್ಡು ಸೊಸೆಯ ಕೈ ಸೇರಿತು, "ನಿಮಗೆ ಆ ಮಿಷನ್ನು ಗೊತ್ತಾಗಲ್ಲ ಅತ್ತೆ" ಅಂತ. ಕೊನೆಗೆ ಬಿಪಿ ಮಾತ್ರೆಗೂ ಕೈ ಚಾಚುವ ಹಾಗಾಯಿತು. ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಅದಕ್ಕೇ ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಎಸಿ ಆಫೀಸಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಹಿರಿಯ ನಾಗರಿಕರ ಪೋಷಣೆಗೆ ಅಂತ 2007ರಲ್ಲಿ ಬಂದ ಕಾಯ್ದೆ ಇದೆಯಲ್ಲ, ಅದರ ಅರ್ಜಿ ನಮ್ಮಲ್ಲಿ ನೋಡೋದು ಎಸಿ, ಅಂದರೆ ಉಪವಿಭಾಗಾಧಿಕಾರಿ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದೇ ಹೋದರೆ ಆ ಪತ್ರವನ್ನೇ ರದ್ದು ಮಾಡಬಹುದು ಅಂತ ಅದರ 23ನೇ ಕಲಂ ಹೇಳುತ್ತದೆ. ಆದರೆ ದೊಡ್ಡಮ್ಮನ ಪತ್ರದಲ್ಲಿ ಇದ್ದದ್ದು "ಪ್ರೀತಿ ವಿಶ್ವಾಸದಿಂದ" ಅನ್ನೋ ಮಾತು ಮಾತ್ರ. ಪತ್ರ ಬರಹಗಾರರು ಎಲ್ಲರಿಗೂ ಹಾಕಿಕೊಡುವ ಅದೇ ಸಾಲು. ಕೇಸು ಅಲ್ಲೇ ಕುಂಟಿತು. ಜೀವನಾಂಶಕ್ಕೆ ಆದೇಶ ಸಿಕ್ಕಿತು, ಮನೆ ವಾಪಸ್ ಸಿಗಲಿಲ್ಲ. ಜೀವನಾಂಶಕ್ಕೂ ಕಾಯ್ದೆ ಹಾಕಿರುವ ಮಿತಿ ತಿಂಗಳಿಗೆ 10,000 ರೂಪಾಯಿ, ಅದೂ 2007ರ ಲೆಕ್ಕ. ಈಗ ಔಷಧಿ ಅಂಗಡಿಯಲ್ಲೇ ಅಷ್ಟು ಖರ್ಚಾಗುತ್ತದೆ, ಅಲ್ವಾ?

ಷರತ್ತು ಇದ್ದರೇನೇ ಈ ಕಲಂ ನಡೆಯೋದು ಅಂತ ಸುಪ್ರೀಂ ಕೋರ್ಟು 2022ರಲ್ಲೂ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ ಅದೇ ಕೋರ್ಟು ಕಾಯ್ದೆಯನ್ನ ಹಿರಿಯರ ಪರವಾಗಿ ಸ್ವಲ್ಪ ಧಾರಾಳವಾಗಿ ಓದಿ, ಮಗನಿಗೆ ಕೊಟ್ಟ ದಾನವನ್ನ ರದ್ದು ಮಾಡಿತು. ನಿಜ, ಆದರೆ ಅಲ್ಲೂ ಆ ಮಗ ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಅಂತ ಬೇರೆ ವಚನಪತ್ರ ಬರೆದುಕೊಟ್ಟಿದ್ದ. ಅಂದರೆ ಕೈಯಲ್ಲಿ ಏನೋ ಒಂದು ಕಾಗದ ಇತ್ತು.

ನನ್ನ ಕೇಳಿದರೆ ದಾನಪತ್ರವೇ ಬೇಡ. ಉಯಿಲು ಬರೆಸು. ಅದನ್ನ ಅಮ್ಮ ಬದುಕಿರುವವರೆಗೂ ಬೇಕಾದಾಗ ಬದಲಾಯಿಸಬಹುದು, ಮನೆಯೂ ಅಲ್ಲಿಯವರೆಗೆ ಅವರ ಹೆಸರಲ್ಲೇ ಇರುತ್ತದೆ. ಇಲ್ಲ, ದಾನಪತ್ರವೇ ಆಗಬೇಕು ಅಂತ ಅಮ್ಮ ಹಟ ಹಿಡಿದರೆ, ಅವರು ಇರುವಷ್ಟು ದಿನ ಆ ಮನೆಯಲ್ಲಿ ವಾಸದ ಹಕ್ಕು ಅವರದ್ದು, ಊಟ ಬಟ್ಟೆ ಔಷಧಿ ತಮ್ಮನ ಜವಾಬ್ದಾರಿ, ತಪ್ಪಿದರೆ ಪತ್ರ ರದ್ದು ಅಂತ ಸ್ಪಷ್ಟವಾಗಿ ಬರೆಸು. ತಮ್ಮನಿಗೆ ಬೇಜಾರಾಗುತ್ತದೆ ಅಂತೀಯ. ಒಂದು ವಾರ ಆಗಲಿ ಬಿಡು.

ಕರಡು ಕೈಗೆ ಬಂದ ತಕ್ಷಣ ನನಗೆ ವಾಟ್ಸಾಪ್ ಮಾಡು, ನಮ್ಮ ವಕೀಲರಿಗೆ ತೋರಿಸುತ್ತೇನೆ. ಮತ್ತೆ ಅಮ್ಮನ ಫೋನಿನಲ್ಲಿ 14567 ಸೇವ್ ಮಾಡಿಕೊಡು, ಹಿರಿಯರ ಸಹಾಯವಾಣಿ ಅದು. ಎಟಿಎಂ ಕಾರ್ಡು ಈಗ ಯಾರ ಹತ್ತಿರ ಇದೆ ಅಂತಲೂ ಸುಮ್ನೆ ಒಂದು ಸಲ ಕೇಳು.

ನಿನ್ನ,
ರವಿ